ಎರಡನೆಯ ಕುರ್ಚಿ

ಕಂಬವನ್ನು ಸೀಳಿ ಹೊರಬಂದಾಗ ಮೂರು ಲೋಕ ನಡುಗುವಂತೆ ಗರ್ಜಿಸಿದವನೂ ನೀನೇ, ಪ್ರಹ್ಲಾದನ ತಲೆಯನ್ನು ನೇವರಿಸುತ್ತ ತಾಯಿಗಿಂತ ಮೆತ್ತಗೆ ನುಡಿದವನೂ ನೀನೇ. ಉಗ್ರವನ್ನೂ ಸೌಮ್ಯವನ್ನೂ ಒಂದೇ ಕಂಠದಲ್ಲಿ ಇರಿಸಿಕೊಂಡ ಶಿಂಷಾತೀರದ ನರಸಿಂಹಸ್ವಾಮಿಯೇ, ನಾದದ ಎರಡು ಮುಖಗಳನ್ನೂ ಬಲ್ಲ ನಿನ್ನ ಪಾದದಲ್ಲಿ ಈ ಕಥೆಯನ್ನಿಟ್ಟು ಆರಂಭಿಸುತ್ತೇನೆ. ತಪ್ಪಿದ್ದರೆ ತಿದ್ದು. ನಗು ಬಂದರೆ ನಮ್ಮ ಜೊತೆ ನೀನೂ ನಗು.

ಮದ್ದೂರಿನ ದೇವಸ್ಥಾನದ ಬೀದಿಯಲ್ಲಿದ್ದ ಪಾರ್ಥಸಾರಥಿ ಮೇಷ್ಟ್ರ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಮುಂದೆ ನಡೆದ ಅನರ್ಥಗಳಿಗೆಲ್ಲ ಅದೇ ಮೂಲ. ಮೇಷ್ಟ್ರಿಗೆ ಐವತ್ತಾರು ವರ್ಷ, ಮದುವೆ ಆಗಿರಲಿಲ್ಲ, ಭಾರತೀನಗರದ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು. ಹಿಂದೆ ಸಣ್ಣದೊಂದು ಜುಟ್ಟು, ಚಳಿಗಾಲದಲ್ಲಿ ಕಿವಿ ಮುಚ್ಚುವ ಮಫ್ಲರು, ಧನುರ್ಮಾಸದ ಸಂಜೆಗಳಲ್ಲಿ ದೇವಸ್ಥಾನದಲ್ಲಿ ರಾಮಾಯಣ ಪಾರಾಯಣ. ಒಬ್ಬನೇ ಇರುವವನಿಗೆ ಒಂದು ಕುರ್ಚಿ ಸಾಲದೆ ಎಂದು ಬೀದಿಯವರಂತೆ ಅವರೂ ಇಪ್ಪತ್ತು ವರ್ಷ ನಂಬಿದ್ದರು.

ಆದರೆ ಭಾನುವಾರ ನಾಲ್ಕು ಗಂಟೆಗೆ ಒಬ್ಬ ಅತಿಥಿ ಬರುವವನಿದ್ದ. ಆದ್ದರಿಂದ ಶನಿವಾರ ಸಂಜೆ ಅವರು ಪಕ್ಕದ ಮನೆಯ ಚಲುವರಾಜುವಿನ ಬಳಿಗೆ ಹೋದರು. ಅವನದು ಶಾಮಿಯಾನ ಮತ್ತು ಮೈಕ್‌ಸೆಟ್ಟಿನ ವ್ಯಾಪಾರ. ಬಾಡಿಗೆಗೆ ಒಂದು ಕುರ್ಚಿ ಬೇಕೆಂದು ಮೇಷ್ಟ್ರು ಕೇಳಿದಾಗ ಅವನು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟ.

"ಒಂದ್ ಚೇರ್ ಕೊಟ್ರೆ ನಮ್ ಅಂಗ್ಡಿ ಮರ್ವಾದೆ ಏನಾಗ್ಬೇಕು ಮೇಷ್ಟ್ರೆ? ಐವತ್ತು ತಕಳಿ."

"ಕೂರೋನು ಒಬ್ಬನೇ ಕಣಪ್ಪ."

ಚಲುವರಾಜು ಕನಿಕರದಿಂದ ನೋಡಿದ. ಬೆಳಿಗ್ಗೆ ಅವ್ವನ ಕೈಲಿ ಕಳಿಸುವುದಾಗಿ ಒಪ್ಪಿಕೊಂಡ.

ಅತಿಥಿಯ ವಿಷಯಕ್ಕೆ ಬರುವ ಮೊದಲು ಒಂದು ರಹಸ್ಯವನ್ನು ಹೇಳಬೇಕು. ಎರಡು ವರ್ಷದ ಹಿಂದೆ ಅಮೃತ ಎಂಬ ಕಂಪ್ಯೂಟರ್ ಶಿಕ್ಷಕಿ ಶಾಲೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದಳು. ಹಿಮದ ನಾಡಿನ ಯಾವುದೋ ವಾದ್ಯತಂಡ ತನ್ನ ಹೊಸ ಆಲ್ಬಮ್ಮಿನಲ್ಲಿ ಒಂದು ಶ್ಲೋಕವನ್ನು ಹಾಡಿಸಿದೆಯೆಂದೂ ಉಚ್ಚಾರಣೆ ಸರಿಯಿದೆಯೇ ನೋಡಬೇಕೆಂದೂ ಹೇಳಿ ಆಕೆ ಅದನ್ನು ಮೇಷ್ಟ್ರ ಫೋನಿಗೆ ಹಾಕಿಕೊಟ್ಟಳು. ಅದು ಸಿಂಫೋನಿಕ್ ಮೆಟಲ್ ಎಂಬ ಜಾತಿಯ ಸಂಗೀತ. ತಪ್ಪು ಹುಡುಕಲು ಕುಳಿತ ಮೇಷ್ಟ್ರಿಗೆ ಶ್ಲೋಕದಲ್ಲಿ ಮೂರು ಮಹಾಪ್ರಾಣದೋಷಗಳು ಸಿಕ್ಕವು. ಆದರೆ ಅವನ್ನು ಬರೆದುಕೊಳ್ಳುವಷ್ಟರಲ್ಲಿ ಮುಂದಿನ ಹಾಡು ಶುರುವಾಗಿತ್ತು. ಪೆನ್ನು ಅಲ್ಲೇ ನಿಂತಿತು.

ಮೊದಲು ಹತ್ತಾರು ತಂತಿವಾದ್ಯಗಳು, ಕಾವೇರಿ ನಾಲೆಗೆ ನೀರು ಬಿಟ್ಟಾಗ ಮೊದಲು ಬರುವ ತೆಳ್ಳನೆಯ ಅಲೆಯಂತೆ ಸದ್ದಿಲ್ಲದೆ ಹರಡುತ್ತಿದ್ದವು. ಆಮೇಲೆ ಗಿಟಾರುಗಳು ಒಟ್ಟಿಗೆ ನುಗ್ಗುತ್ತಿದ್ದವು. ಬೇರೆ ಯಾರಿಗಾದರೂ ಅದು ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಸದ್ದಾಗಿ ಕೇಳಬಹುದಿತ್ತು. ಮೇಷ್ಟ್ರ ಕಿವಿಗೆ ಅದರೊಳಗೆ ಷಡ್ಜ ಮತ್ತು ಪಂಚಮ ಮಾತ್ರ ಕೇಳಿದವು. ತಂಬೂರಿಯ ಅವೇ ಎರಡು ಸ್ವರಗಳು, ಬೆಂಕಿ ಹೊತ್ತಿಕೊಂಡಂತೆ. ಮೃದಂಗವನ್ನು ಕಾಲಿನಿಂದ ನುಡಿಸಿದರೆ ಹೇಗೋ ಹಾಗೆ ಎರಡು ಪಾದಗಳಿಂದ ಡ್ರಮ್ಮು ಬಾರಿಸುವವನೊಬ್ಬನಿದ್ದ. ಏಳು ಎಣಿಕೆಯ ತಾಳ, ತಕಿಟ ತಕಧಿಮಿ, ಒಂದು ಕಡೆಯೂ ಜಾರುತ್ತಿರಲಿಲ್ಲ. ಒಬ್ಬ ಗಂಡಸು ಹೊಟ್ಟೆಯ ತಳದಿಂದ ಗುಡುಗುತ್ತಿದ್ದ. ಆ ಗುಡುಗಿನ ಮೇಲೆ ಒಬ್ಬ ಹೆಂಗಸು ತಾರಸ್ಥಾಯಿಯಲ್ಲಿ ಹೆಜ್ಜೆ ತಪ್ಪದೆ ನಡೆದು ಹೋಗುತ್ತಿದ್ದಳು. ಹಿಂದೆ ನಲವತ್ತು ಕಂಠಗಳ ಮೇಳ. ಐದನೆಯ ಹಾಡಿನ ಕೊನೆಯಲ್ಲಿ ಷಡ್ಜವನ್ನೇ ಎತ್ತಿ ಅರ್ಧ ಸ್ವರ ಮೇಲೆ ಕೂರಿಸಿದಾಗ, ಪೂಜೆಯ ಮಧ್ಯೆ ಮೂಲವಿಗ್ರಹವನ್ನೇ ಜರುಗಿಸಿದಂತಾಗಿ ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತಿದ್ದರು.

ಒಂಬತ್ತನೆಯ ಹಾಡಿನಲ್ಲಿ ಇದ್ದಕ್ಕಿದ್ದಂತೆ ಎಲ್ಲವೂ ನಿಲ್ಲುತ್ತಿತ್ತು. ಒಂದು ಪೂರ್ತಿ ಆವರ್ತನ ಮೌನ. ಆಮೇಲೆ ಒಂದೇ ಒಂದು ಪಿಟೀಲು, ಅಚ್ಚ ಕೀರವಾಣಿಯಲ್ಲಿ.

ಆ ಪಿಟೀಲನ್ನು ಕೇಳಿದ ದಿನದಿಂದ ಮೇಷ್ಟ್ರಿಗೆ ಶಾಂತಿ ಇರಲಿಲ್ಲ. ಕಮಾನನ್ನು ಒತ್ತುವ ಆ ರೀತಿ ಥೇಟ್ ಮಂಡ್ಯದ ಕಾಲೇಜಿನಲ್ಲಿ ತಮ್ಮ ಜೊತೆ ಒಂದೇ ಕೊಠಡಿಯಲ್ಲಿದ್ದ ಕಿಟ್ಟುವಿನದು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವನು ಕೀರವಾಣಿ ನುಡಿಸಿದ್ದ ಸಂಜೆಯಲ್ಲಿ ಅವರಿಬ್ಬರೂ ಬಸ್ಸು ತಪ್ಪಿಸಿಕೊಂಡು, ಅದೇ ರಾಗವನ್ನು ಗುನುಗುತ್ತ ನಾಲೆಯ ಏರಿಯ ಮೇಲೆ ನಡೆದಿದ್ದರು. ಇದನ್ನು ಒಬ್ಬರೇ ಕೇಳುವುದು, ನೈವೇದ್ಯವನ್ನು ಬಾಗಿಲು ಹಾಕಿಕೊಂಡು ತಾವೊಬ್ಬರೇ ತಿಂದ ಹಾಗೆ. ಶಾಲೆಯಲ್ಲಿ ಗಣಿತದ ರಾಜೇಂದ್ರನ ಕಿವಿಗೆ ಒಮ್ಮೆ ಇಟ್ಟು ನೋಡಿದ್ದರು. ಫೋನು ನೀರಿಗೆ ಬಿದ್ದಿತ್ತೇ ಎಂದು ಆತ ಕೇಳಿದ್ದ. ಮತ್ತೆ ಯಾರಿಗೂ ಹೇಳಲಿಲ್ಲ. ಕಿವಿಯೊಳಗೆ ಕಡಲೆಕಾಳಿನಷ್ಟಿರುವ ವೈರಿಲ್ಲದ ಇಯರ್‌ಫೋನು, ಅದರ ಮೇಲೆ ಮಫ್ಲರು. ಎರಡು ವರ್ಷ ಹೀಗೇ ಕಳೆಯಿತು.

ಕಿಟ್ಟು ಮಳವಳ್ಳಿಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದ. ಯಾಕೋ ಈಚೆಗೆ ಪಾಠ ನಿಲ್ಲಿಸಿದ್ದಾನೆಂದು ಸುದ್ದಿ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ, ಬರೆದರೆ ಮಾತ್ರ ಉತ್ತರ. ಮೊದಲಿನಿಂದಲೂ ಮೌನಿ. ಕೊನೆಗೆ ಮೇಷ್ಟ್ರು ಬರೆದರು: "ಅರವತ್ತನಾಲ್ಕು ನಿಮಿಷ ನನ್ನ ಪಕ್ಕ ಕೂತಿರು. ಮಾತೇ ಬೇಡ." ಎರಡೇ ನಿಮಿಷದಲ್ಲಿ ಉತ್ತರ ಬಂತು: "ಅದು ನನ್ನಿಂದ ಆಗುತ್ತೆ. ಭಾನುವಾರ ನಾಲ್ಕಕ್ಕೆ ಬರ್ತೀನಿ."

ಭಾನುವಾರ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಕಿಟ್ಟುವಿಗೆ ಎಲ್ಲೆಲ್ಲಿ ಏನೇನು ತೋರಿಸಬೇಕೆಂದು ಗುರುತು ಮಾಡಿಕೊಳ್ಳಲು ಮೇಷ್ಟ್ರು ಆಲ್ಬಮ್ಮನ್ನು ಹಾಕಿಕೊಂಡು ಕುಳಿತರು. ಐದನೆಯ ಹಾಡಿಗೆ ಬರುವ ಹೊತ್ತಿಗೆ ಎಂದಿನಂತೆ ಕುಳಿತಲ್ಲಿ ಕೂರಲಾಗದೆ ಎದ್ದರು. ಸೊಂಟದಿಂದ ಬಗ್ಗಿ, ಏಳು ಎಣಿಕೆಗೆ ಸರಿಯಾಗಿ ತಲೆಯನ್ನು ಬೀಸತೊಡಗಿದರು. ಜುಟ್ಟು ಬಿಚ್ಚಿಹೋಯಿತು. ಕಣ್ಣು ಮುಚ್ಚಿತ್ತು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

ಆಗ ಕಿಟಕಿಯ ಹೊರಗೆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಚಲುವರಾಜುವಿನ ತಾಯಿ ದೇವಿರಮ್ಮ ನಿಂತಿದ್ದರು. ಅವರಿಗೆ ಕಂಡದ್ದು ಇಷ್ಟು: ಸೊಳ್ಳೆಯ ಸದ್ದೂ ಇಲ್ಲದ ಮನೆಯೊಳಗೆ ಒಬ್ಬಂಟಿ ಬ್ರಾಹ್ಮಣ, ಕೆದರಿದ ಕೂದಲು, ಬೀಸುವ ತಲೆ, ಸುರಿಯುವ ಕಣ್ಣೀರು. ತವರೂರಾದ ಆತಗೂರಿನಲ್ಲಿ ಇಂಥದ್ದನ್ನು ಅವರು ಬೇಕಾದಷ್ಟು ಸಲ ನೋಡಿದ್ದರು. ಕುರ್ಚಿಯನ್ನು ಕೆಳಗಿಟ್ಟು, ಅದಕ್ಕೂ ಒಮ್ಮೆ ಕೈಮುಗಿದು, ನಿಂಬೆಹಣ್ಣು ತರಲು ಓಡಿದರು.

ಮೇಷ್ಟ್ರು ಕಣ್ಣು ತೆರೆದಾಗ ಮನೆಯ ತುಂಬ ಸಾಂಬ್ರಾಣಿ ಹೊಗೆ. ಹೊಗೆಯೊಳಗೆ ಎಂಟು ಜನ. ಅಂಗೈಯಲ್ಲಿ ನಿಂಬೆಹಣ್ಣು ಹಿಡಿದು ದೇವಿರಮ್ಮ ಮೊಣಕಾಲೂರಿದ್ದರು.

"ಯಾವ ದೇವ್ರು ನೀನು, ಏಳಪ್ಪ ಸ್ವಾಮಿ. ನಮ್ ಅಯ್ನೋರ ಮೈಗೆ ಯಾಕ್ ಬಂದಿದ್ದೀಯೆ?"

ಮೇಷ್ಟ್ರು ಗಾಬರಿಯಿಂದ ಮಫ್ಲರನ್ನು ಇನ್ನಷ್ಟು ಬಿಗಿದುಕೊಂಡರು. ತಮ್ಮ ಮೇಲೆ ಯಾವ ದೇವರೂ ಬಂದಿಲ್ಲವೆಂದೂ ವ್ಯಾಯಾಮ ಮಾಡುತ್ತಿದ್ದೆನೆಂದೂ ಹೇಳಿದರು.

"ಬಂದಿದ್ದು ಬಂದೋರಿಗೆ ನೆಪ್ಪಿರಕಿಲ್ಲ ಕಣಮ್ಮ," ಎಂದು ದೇವಿರಮ್ಮ ಪಕ್ಕದವಳಿಗೆ ವಿವರಿಸಿದರು. ಅಲ್ಲಿಂದ ಮುಂದೆ ಮೇಷ್ಟ್ರ ಪ್ರತಿಯೊಂದು ನಿರಾಕರಣೆಯೂ ಪ್ರಮಾಣವಾಯಿತು. ನ್ಯಾಯಶಾಸ್ತ್ರವನ್ನು ಓದಿದ್ದ ಅವರಿಗೆ ಈ ವಾದದಲ್ಲಿ ಎಲ್ಲಿಂದ ನುಸುಳಬಹುದೆಂದು ತಿಳಿಯಲಿಲ್ಲ.

ನಿಜ ಹೇಳಿಬಿಡಬಹುದಿತ್ತು. ಆದರೆ ಬಾಗಿಲಲ್ಲಿ ಆಗಲೇ ಪಂಕಜಮ್ಮ ಬಂದು ನಿಂತಿದ್ದರು. ದೇವಸ್ಥಾನದ ಪಾರಾಯಣಕ್ಕೆ ಮೇಷ್ಟ್ರನ್ನು ಕರೆಸಿದ್ದು ಅವರೇ. ಮೇಷ್ಟ್ರಿಗೆ ವರ್ಷದಲ್ಲಿ ಮೂವತ್ತು ಸಂಜೆ ಮನುಷ್ಯರ ನಡುವೆ ಕೂರುವ ಅವಕಾಶವಿದ್ದದ್ದು ಆ ಪಾರಾಯಣದಿಂದ ಮಾತ್ರ.

"ನಮ್ಮವರ ಮೇಲೆ ಹೀಗೆಲ್ಲ ಬರೋದುಂಟೇನೋ ಪಾರ್ಥು?" ಎಂದು ಪಂಕಜಮ್ಮ ಮೂಗಿನ ಮೇಲೆ ಬೆರಳಿಟ್ಟರು. ಇಟ್ಟ ಬೆರಳನ್ನು ತೆಗೆಯದೆಯೇ, ಮಗಳ ವರ್ಗಾವಣೆ ಮಂಡ್ಯಕ್ಕೇ ಆದೀತೇ ಎಂದು ಮೆಲ್ಲಗೆ ಕೇಳಿದರು.

ಹತ್ತೂವರೆಗೆ ಆತಗೂರಿನಿಂದ ದೇವಿರಮ್ಮನ ಅಣ್ಣ ಮರಿಸಿದ್ದಯ್ಯ ಬಂದ. ಅವನ ಕಬ್ಬು ಬಲಿತು ಹೂ ಬಂದಿತ್ತು. ಕಾರ್ಖಾನೆಯಿಂದ ಕಡಿಯುವವರು ಎಂದು ಬರುತ್ತಾರೆಂಬುದು ಅವನ ಪ್ರಶ್ನೆ. ಬೇಸತ್ತ ಮೇಷ್ಟ್ರು, "ನನ್ನನ್ನ ಕೇಳಿದ್ರೆ ಏನು ಬಂತಪ್ಪ, ಕಾರ್ಖಾನೇನ ಕೇಳು," ಎಂದರು. ಅದನ್ನೇ ಅಪ್ಪಣೆಯೆಂದು ತಿಳಿದು ಮರಿಸಿದ್ದಯ್ಯ ಅಲ್ಲೇ ನಿಂತು ಫೋನು ಹಚ್ಚಿದ. ಮಂಗಳವಾರ ಬರುತ್ತೇವೆಂದು ಆ ಕಡೆಯಿಂದ ಉತ್ತರ ಬಂತು. ಎರಡು ತಿಂಗಳಿಂದ ಎತ್ತದ ಫೋನು ಇವತ್ತು ಎತ್ತಿದ್ದೇ ಪವಾಡವೆಂದು ಅವನು ಉದ್ದಂಡ ನಮಸ್ಕಾರ ಹಾಕಿದ. ಆ ಸುದ್ದಿ ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟು ಹೋದದ್ದು ಒಂದೇ, ಹಿಂತಿರುಗಿ ಬಂದಾಗ ಅದರ ಜೊತೆ ಜನವಿತ್ತು.

ಮಧ್ಯಾಹ್ನದ ಹೊತ್ತಿಗೆ ಜಗಲಿಯ ಮುಂದೆ ಚಪ್ಪಲಿಗಳ ರಾಶಿ. ಮೇಷ್ಟ್ರು ಗಡಿಯಾರವನ್ನೇ ನೋಡುತ್ತಿದ್ದರು. ನಾಲ್ಕಕ್ಕೆ ಕಿಟ್ಟು ಬರುತ್ತಾನೆ. ಈ ಸಂತೆಯಲ್ಲಿ ಒಂಬತ್ತನೆಯ ಹಾಡಿನ ಮೌನವನ್ನು ಎಲ್ಲಿಂದ ತರುವುದು? ಕೊನೆಗೆ ಎದೆಯನ್ನು ಗಟ್ಟಿ ಮಾಡಿಕೊಂಡು ಮಫ್ಲರನ್ನು ಬಿಚ್ಚಿ, ಕಿವಿಯ ಕಾಳುಗಳನ್ನು ತೆಗೆದು, ಇದು ದೇವರಲ್ಲ, ಸಂಗೀತ, ನೀವೇ ಕೇಳಿ ಎಂದು ದೇವಿರಮ್ಮನ ಕಿವಿಗೆ ಇಟ್ಟರು.

ದೇವಿರಮ್ಮನ ಮುಖದ ಬಣ್ಣ ಇಳಿಯಿತು. ಆಮೇಲೆ ಪಿಸುದನಿಯಲ್ಲಿ ವರದಿ ಒಪ್ಪಿಸಿದರು.

"ಒಳಗವ್ರೆ. ಗಂಡುದೇವ್ರು ಗದರ್ತಾವ್ರೆ. ಪಕ್ಕದಲ್ಲಿ ಅಮ್ಮನೋರು ಸಮಾದಾನ ಮಾಡ್ತಾವ್ರೆ. ಇಂದ್ಗಡೆ ಜನವೋ ಜನ."

ಎರಡು ವರ್ಷ ಕೇಳಿಯೂ ಆ ಆಲ್ಬಮ್ಮನ್ನು ಇಷ್ಟು ಖಚಿತವಾಗಿ ವರ್ಣಿಸಲು ತಮ್ಮಿಂದ ಆಗಿರಲಿಲ್ಲವೆಂದು ಮೇಷ್ಟ್ರಿಗೆ ಅನ್ನಿಸಿತು.

ಇನ್ನು ತಡೆಯುವವರು ಯಾರು? ಎಲ್ಲರಿಗೂ ಒಂದೊಂದು ಗಳಿಗೆ ದೇವರ ನುಡಿ ಬೇಕಾಯಿತು. ಸಾಲು ನಿಂತಿತು. ಒಬ್ಬನಿಗೆ ಡ್ರಮ್ಮು ಸಿಕ್ಕಿತು, ಒಬ್ಬಳಿಗೆ ಕೊಳಲು, ಇನ್ನೊಬ್ಬನಿಗೆ ಎರಡು ಹಾಡುಗಳ ನಡುವಿನ ಬರಿಯ ಮೌನ; ಅವನೂ ಕಣ್ಣಿಗೊತ್ತಿಕೊಂಡು ಹೋದ. ಪಂಕಜಮ್ಮನಿಗೆ ಪುಣ್ಯವಶಾತ್ ಶ್ಲೋಕದ ಭಾಗವೇ ಸಿಕ್ಕಿ, ಮಂತ್ರ ಪರವಾಗಿಲ್ಲ, ಉಚ್ಚಾರಣೆ ಸಾಲದು ಎಂದರು. ನಲವತ್ತು ಜನ ಅರ್ಧರ್ಧ ನಿಮಿಷ ಕೇಳಿದರು. ಪೂರ್ತಿ ಕೇಳುವ ಒಬ್ಬನಿಗಾಗಿ ಎರಡು ವರ್ಷ ಕಾದಿದ್ದ ಮೇಷ್ಟ್ರು ಮೂಲೆಯಲ್ಲಿ ನಿಂತು, ತಮ್ಮ ನೈವೇದ್ಯ ಚಿಟಿಕೆ ಚಿಟಿಕೆಯಾಗಿ ಹಂಚಿಹೋಗುವುದನ್ನು ನೋಡಿದರು. ಮೂರೂವರೆಗೆ ಇಯರ್‌ಫೋನಿನ ಬ್ಯಾಟರಿ ಮುಗಿಯಿತು.

ಚಲುವರಾಜುವಿಗೆ ಇದು ತಿಳಿದದ್ದೇ ತಡ, ಟೆಂಪೋ ಬಂತು. ಐವತ್ತು ಕೆಂಪು ಕುರ್ಚಿಗಳು ಮನೆಯ ಮುಂದಿನ ಬಯಲಲ್ಲಿ ಸಾಲಾಗಿ ಕುಳಿತವು. ಎರಡು ಆಳೆತ್ತರದ ಸ್ಪೀಕರ್ ಬಾಕ್ಸುಗಳು ಬಾಗಿಲ ಎರಡೂ ಬದಿಗೆ ದ್ವಾರಪಾಲಕರಂತೆ ನಿಂತವು.

ಕಿಟ್ಟು ಬಂದದ್ದು ಆಗ. ಹೆಗಲಲ್ಲಿ ಬಟ್ಟೆಯ ಚೀಲ, ನರೆತ ಗಡ್ಡ. ಚಪ್ಪಲಿಗಳ ರಾಶಿಯನ್ನು ಕಂಡು ಅವನ ಮುಖ ಕಪ್ಪಿಟ್ಟಿತು. ಸಾಲಿನ ಕೊನೆಯಲ್ಲಿ ಮೇಷ್ಟ್ರು ಜೀವಂತ ನಿಂತಿರುವುದನ್ನು ನೋಡಿದ ಮೇಲೆ ಸರಿಹೋಯಿತು. ಮೇಷ್ಟ್ರು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಕಿಟ್ಟು ನಕ್ಕು, ಅವರ ಭುಜವನ್ನು ತಟ್ಟಿ, ಬಾಕ್ಸಿನ ಪಕ್ಕದ ಕುರ್ಚಿಯಲ್ಲಿ ಕುಳಿತ.

"ಮೇಷ್ಟ್ರೆ, ವೈರ್ ಚುಚ್ಚಿವ್ನಿ. ಆಕ್ಲಾ?" ಎಂದ ಚಲುವರಾಜು.

ಮೇಷ್ಟ್ರು ಪಂಕಜಮ್ಮನ ಕಡೆ ನೋಡಿದರು. ಆ ಬಾಕ್ಸಿನಲ್ಲಿ ಅದು ಬೀದಿಗೆಲ್ಲ ಕೇಳಿದರೆ ಪಾರಾಯಣದ ಪೀಠ ಉಳಿಯುವುದಿಲ್ಲ. ಆಮೇಲೆ ಕಿಟ್ಟುವಿನ ಕಡೆ ನೋಡಿದರು. ಅವನು ಮಡಿಲಲ್ಲಿ ಕೈ ಜೋಡಿಸಿ ಕಾಯುತ್ತಿದ್ದ.

"ಹಾಕಪ್ಪ," ಎಂದರು.

ತಂತಿಗಳು ಹರಡಿದಾಗ ಐವತ್ತು ಕುರ್ಚಿಗಳೂ ಕೈಮುಗಿದಿದ್ದವು. ಗಿಟಾರುಗಳು ನುಗ್ಗಿದಾಗ ಗೋಪುರದ ಪಾರಿವಾಳಗಳು ಒಟ್ಟಿಗೆ ಎದ್ದವು. ಎರಡನೆಯ ಹಾಡಿನಲ್ಲಿ ಗಂಡಸು ಗುಡುಗಿದ. ಪಂಕಜಮ್ಮ ಸೆರಗು ಹೊದ್ದು ಮೇಲೆದ್ದರು. ಮೇಷ್ಟ್ರ ಹತ್ತಿರ ಬಂದು, ಕೋಪವಿಲ್ಲದ ದನಿಯಲ್ಲಿ, "ಇನ್ಮೇಲೆ ಪಾರಾಯಣಕ್ಕೆ ಬೇರೆಯವರನ್ನ ನೋಡ್ಕೋತೀವಿ ಪಾರ್ಥು. ನೀನು ವಿಶ್ರಾಂತಿ ತಗೋ," ಎಂದು ಹೋದರು.

ನಾಲ್ಕನೆಯ ಹಾಡಿಗೆ ಅರ್ಧ ಕುರ್ಚಿಗಳು ಖಾಲಿ. ದೇವರು ಇಷ್ಟು ಹೊತ್ತು ಒಂದೇ ಸಮನೆ ಮಾತಾಡುವುದು ಯಾರಿಗೂ ರೂಢಿಯಿರಲಿಲ್ಲ. ಯಾರ ಪ್ರಶ್ನೆಗೂ ಉತ್ತರವೂ ಬರುತ್ತಿರಲಿಲ್ಲ. ಕಬ್ಬಿನ ಕೆಲಸವಾಗಿದ್ದ ಮರಿಸಿದ್ದಯ್ಯ ಬಸ್ಸಿನ ನೆಪ ಹೇಳಿ ಹೊರಟ. ಏಳನೆಯದು ಹನ್ನೊಂದು ನಿಮಿಷದ ಹಾಡು. ಅದರ ಮಧ್ಯದಲ್ಲಿ ದೇವಿರಮ್ಮ, "ಎಮ್ಮೆ ಕಾಯಕಿಲ್ಲ ಸ್ವಾಮಿ, ಕೋಪ ಮಾಡ್ಕಬೇಡ," ಎಂದು ಬಾಕ್ಸಿಗೆ ಹೇಳಿ ಎದ್ದರು. ಚಲುವರಾಜು ಕಿವಿಗೆ ಹತ್ತಿ ತುರುಕಿಕೊಂಡು ಚಹಾದಂಗಡಿಗೆ ಹೋದ.

ನಲವತ್ತೆಂಟು ಕೆಂಪು ಕುರ್ಚಿಗಳ ನಡುವೆ ಇಬ್ಬರು ಉಳಿದರು. ಮೇಷ್ಟ್ರು ಓರೆಗಣ್ಣಿನಿಂದ ನೋಡಿದರು. ಕಿಟ್ಟು ಒಂದು ಅಂಗೈಯನ್ನು ಬಾಕ್ಸಿನ ಮೇಲಿಟ್ಟಿದ್ದ. ಮೇಷ್ಟ್ರ ತಲೆ ತೂಗಿದ ಕಡೆ ಅವನ ತಲೆಯೂ ತೂಗುತ್ತಿತ್ತು. ಅವರು ಬೆರಳು ಮಡಿಸಿ ಏಳು ಎಣಿಸಿದಾಗ ಅವನೂ ಏಳು ಎಣಿಸಿದ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಮೇಷ್ಟ್ರಿಗೆ ತಾವು ಒಬ್ಬರಲ್ಲವೆನ್ನಿಸಿತು.

ಒಂಬತ್ತನೆಯ ಹಾಡು. ಎಲ್ಲವೂ ನಿಂತಿತು. ಆ ಮೌನದಲ್ಲಿ ದೂರದ ಮಳವಳ್ಳಿ ರಸ್ತೆಯಲ್ಲಿ ಹೋಗುವ ಕಬ್ಬಿನ ಗಾಡಿಯ ಸದ್ದು ಕೇಳಿತು. ಇದೋ ಬಂತು ಎಂದು ಮೇಷ್ಟ್ರು ಗಾಳಿಯಲ್ಲಿ ಕಮಾನು ಎಳೆದು ತೋರಿಸಿದರು. ಪಿಟೀಲು ಎದ್ದಿತು. ಕಿಟ್ಟುವಿನ ಕಣ್ಣುಗಳು ಮುಚ್ಚಿದವು. ಎಡಗೈಯ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಒಂದೊಂದೇ ಸ್ವರವನ್ನು ಒತ್ತುತ್ತ ನಡೆದವು. ಪೀಠ ಹೋದರೆ ಹೋಯಿತು. ಮೇಷ್ಟ್ರು ಕಣ್ಣೊರೆಸಿಕೊಂಡರು.

ಕೊನೆಯ ಹಾಡು ಮುಗಿಯಿತು. ಅವರು ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಎರಡು ವರ್ಷದಿಂದ ಕೂಡಿಟ್ಟಿದ್ದ ಮಾತುಗಳೆಲ್ಲ ಅಡುಗೆಮನೆಯಿಂದಲೇ ಹೊರಟವು. ಷಡ್ಜ ಜರುಗಿದ ಜಾಗ, ಆ ಹೆಂಗಸಿನ ಉಸಿರಿನ ಹಿಡಿತ, ಕಮಾನಿನ ಒತ್ತು, ನಾಲೆಯ ಏರಿ, ತಪ್ಪಿದ ಬಸ್ಸು. ಕಾಫಿ ಬೆರೆಯುವವರೆಗೂ ಹೇಳಿದರು. ಉತ್ತರ ಬರಲಿಲ್ಲ. ರಸದಲ್ಲಿ ಮುಳುಗಿದವನು ಮಾತಾಡುವುದುಂಟೇ ಎಂದು ಎರಡು ಲೋಟ ಹಿಡಿದು ಹೊರಗೆ ಬಂದರು.

ಕಿಟ್ಟು ಇನ್ನೂ ಅಂಗೈಯನ್ನು ಬಾಕ್ಸಿನ ಮೇಲೇ ಇಟ್ಟುಕೊಂಡು ಕುಳಿತಿದ್ದ. ಮೇಷ್ಟ್ರನ್ನು ಕಂಡು ತಲೆಯೆತ್ತಿದ.

"ಮುಗೀತೇನೋ?"

ಹಾಡು ನಿಂತು ಆಗಲೇ ಹತ್ತು ನಿಮಿಷವಾಗಿತ್ತು.

"ಎರಡು ವರ್ಷ ಆಯ್ತು ಕಣೋ," ಎಂದ ಕಿಟ್ಟು, ತುಸು ಜೋರಾಗಿ, ತನ್ನ ದನಿ ತನಗೇ ಕೇಳದವರ ಹಾಗೆ. "ಮೊದಲು ಎಡಗಿವಿ, ಆಮೇಲೆ ಬಲಗಿವಿ. ಮಷೀನು ಹಾಕಿದ್ರೂ ಪ್ರಯೋಜನ ಆಗ್ಲಿಲ್ಲ. ಮಾತು ಬೇಡ, ಸುಮ್ನೆ ಕೂತಿರು ಅಂತ ನೀನು ಬರೆದೆಯಲ್ಲ. ನನ್ನ ಕೈಲಿ ಆಗೋವಂಥ ಕೆಲಸಕ್ಕೆ ಯಾರೂ ಕರೆದಿರ್ಲಿಲ್ಲ. ಅದಕ್ಕೇ ಬಂದೆ."

ಮೇಷ್ಟ್ರು ಲೋಟಗಳನ್ನು ಕೆಳಗಿಟ್ಟು ಫೋನಿನಲ್ಲಿ ಬರೆದು ತೋರಿಸಿದರು: "ಪಿಟೀಲು ಬಂದಾಗ ಬೆರಳು ಆಡಿಸಿದೆಯಲ್ಲ?"

"ನೀನು ಕಮಾನು ಎಳೆದು ತೋರಿಸಿದೆ, ಪಿಟೀಲು ಅಂತ ಗೊತ್ತಾಯ್ತು. ನಾನೂ ಒಳಗೇ ಸ್ವಲ್ಪ ನುಡಿಸ್ಕೊಂಡೆ."

ಮೇಷ್ಟ್ರು ಬರೆದರು: "ಕೀರವಾಣಿ?"

ಕಿಟ್ಟು ಓದಿದ. ಪರೀಕ್ಷೆಯಲ್ಲಿ ತಪ್ಪು ಬರೆದ ಹುಡುಗನಂತೆ ಅವರ ಮುಖವನ್ನು ನೋಡಿದ.

"ಮೋಹನ," ಎಂದ.

ಕಾಫಿ ಕುಡಿದರು. ಆ ಡ್ರಮ್ಮಿನವನ ಕಾಲು ಮಾತ್ರ ಅಂಗೈಗೆ ಸಿಕ್ಕಿತೆಂದೂ ಒಳ್ಳೆಯ ಲಯಗಾರನೆಂದೂ ಕಿಟ್ಟು ಹೇಳಿದ. ಏಳು ಗಂಟೆಯ ಮಳವಳ್ಳಿ ಬಸ್ಸಿಗೆ ಅವನನ್ನು ಹತ್ತಿಸಿ ಮೇಷ್ಟ್ರು ಹಿಂತಿರುಗಿದಾಗ ಚಲುವರಾಜು ಕುರ್ಚಿಗಳನ್ನು ಟೆಂಪೋಗೆ ತುಂಬಿ ಆಗಿತ್ತು. ಒಂದು ಮಾತ್ರ ಜಗಲಿಯ ಮೇಲಿತ್ತು. ಅದರ ಮೇಲೆ ಒಂದು ನಿಂಬೆಹಣ್ಣು.

"ಸ್ವಾಮಿ ಪಕ್ಕದಾಗೆ ಇದ್ದ ಚೇರು, ಅದನ್ನ ಬಾಡ್ಗೆಗೆ ಕೊಡಂಗಿಲ್ಲ ಅಂದ್ಲು ನಮ್ಮವ್ವ. ನೀವೇ ಮಡಿಕಳಿ," ಎಂದ ಚಲುವರಾಜು.

ಗೋಡೆಯಾಚೆಯಿಂದ ದೇವಿರಮ್ಮನೂ ತಾವು ಮಾಡಿದ ಉಪಕಾರವನ್ನು ತಿಳಿಸಿದರು. "ನಿಮ್ ಸ್ವಾಮಿ ಬಲೇ ಕೋಪದಲ್ಲವ್ರೆ ಅಯ್ನೋರೆ. ಇನ್ಮೇಲೆ ಯಾರೂ ಆ ಮನೆ ಕಡೀಕೆ ಓಗಬಾರ್ದು ಅಂತ ಬೀದಿಗೆಲ್ಲ ಏಳಿವ್ನಿ. ನೀವು ನೆಮ್ದಿಯಾಗಿರಿ."

ಮೇಷ್ಟ್ರು ಕುರ್ಚಿಯನ್ನು ಒಳಗೆ ತಂದು ತಮ್ಮ ಕುರ್ಚಿಯ ಪಕ್ಕಕ್ಕಿಟ್ಟರು. ಅವರು ಬೇಡಿದ್ದು ಒಂದು ಕುರ್ಚಿ. ದೇವರು ಅದನ್ನು ಕೊಟ್ಟಿದ್ದ. ನಿಂಬೆಹಣ್ಣು ಅದರ ಮೇಲೇ ಇತ್ತು. ಇಯರ್‌ಫೋನನ್ನು ಚಾರ್ಜಿಗೆ ಹಾಕಿ, ದೀಪ ಹಚ್ಚಿ, ಮೊದಲ ಹಾಡಿನ ಮೊದಲ ತಂತಿಗಾಗಿ ಕಾಯುತ್ತ ಕುಳಿತರು.

ಈ ಕಥೆಯನ್ನು ಕೇಳಿದ ಕಿವಿಗಳು ಮುಪ್ಪಿನ ಕಡೆಯವರೆಗೂ ಕೇಳುತ್ತಿರಲಿ. ಕಿವಿ ಸೋತವರ ಅಂಗೈಗೆ ತಾಳವಾದರೂ ಸಿಗಲಿ. ಎರಡನೆಯ ಕುರ್ಚಿಯಿರುವ ಮನೆಗೆಲ್ಲ ನರಸಿಂಹಸ್ವಾಮಿ ಒಬ್ಬನನ್ನು ಕಳಿಸಲಿ. ಅವನು ಕೀರವಾಣಿಯನ್ನು ಮೋಹನವೆಂದರೂ ಚಿಂತೆಯಿಲ್ಲ, ಹಾಡು ಮುಗಿಯುವವರೆಗೆ ಕೂತಿರಲಿ.